ಕನ್ನಡ ಶಾಸನಗಳಲ್ಲಿ ಮರಣಭೀತಿ ಮತ್ತು ಪರಲೋಕದಂಡನೆ

ಪ್ರಾಚೀನ ಶಾಸನಗಳನ್ನು ಸಂಪಾದಿಸಿದ ವಿದ್ವಾಂಸರು ರಾಜವಂಶಾವಳಿಯನ್ನೂ ದತ್ತಿಭೂಮಿಯ ಎಲ್ಲೆಗಳನ್ನೂ ಬಹು ಎಚ್ಚರಿಕೆಯಿಂದ ಭಾಷಾಂತರಿಸಿ, ಕೊನೆಯ ಸಾಲುಗಳಿಗೆ ಬಂದೊಡನೆ ‘ಮುಂದೆ ಎಂದಿನ ಶಾಪಾಶಯ ಶ್ಲೋಕಗಳು’ ಎಂಬ ಒಂದೇ ಮಾತಿನಲ್ಲಿ ಕೆಲಸ ಮುಗಿಸುವುದು ವಾಡಿಕೆಯಾಗಿದೆ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಬಳಸಿದವರಿಗೆಲ್ಲ ಇದು ಅನುಭವಕ್ಕೆ ಬಂದಿರತಕ್ಕ ವಿಷಯ. ರಾಜಕೀಯ ಚರಿತ್ರೆಯನ್ನು ಬರೆಯುವವನಿಗೆ ಇದರಿಂದ ಹೆಚ್ಚಿನ ನಷ್ಟವೇನೂ ಇಲ್ಲ. ಆದರೆ ಈ ನಾಡಿನ ಜನ ಸಾವನ್ನು ಹೇಗೆ ಕಂಡರು, ಸತ್ತ ಬಳಿಕ ತಮ್ಮ ನಡತೆಯ ವಿಚಾರಣೆ ನಡೆಯುವುದೆಂದು ನಂಬಿದ್ದರೆ ಅದಕ್ಕೆ ಎಷ್ಟು ಅಂಜಿದರು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವನಿಗೆ, ಹೀಗೆ ಬಿಟ್ಟುಹೋದ ಸಾಲುಗಳೇ ಮುಖ್ಯ ಆಧಾರಗಳಾಗುವುವು.

ಈ ದೃಷ್ಟಿಯಿಂದ ನೋಡಿದಾಗ ಒಂದು ವಿಚಿತ್ರವಾದ ಸಂಗತಿ ಕಣ್ಣಿಗೆ ಬೀಳುತ್ತದೆ. ಸತ್ತವರ ಸ್ಮರಣೆಗಾಗಿ ನಿಲ್ಲಿಸಿದ ಕಲ್ಲುಗಳಲ್ಲಿ ನರಕದ ಸುಳಿವೇ ಇಲ್ಲವೆನ್ನಬಹುದು. ನರಕವೆಲ್ಲವೂ ಭೂದಾನದ ಶಾಸನಗಳಲ್ಲಿದೆ. ಅಲ್ಲಿ ಅದು ಬದುಕಿರುವವರನ್ನು, ಇನ್ನೂ ಹುಟ್ಟದೆ ಇರುವವರನ್ನು ಕುರಿತು ಹೇಳಿದ ಮಾತು. ಸಾಯುವವನಿಗೆ ನಿಶ್ಚಿತವಾದ ಸ್ವರ್ಗ, ಆಳುವವನಿಗೆ ನಿಶ್ಚಿತವಾದ ನರಕಭಯ ಎಂಬ ಈ ವಿಂಗಡಣೆ ಏಕೆ ಬಂತು?

ಮೊದಲು ಶಾಪಾಶಯಗಳನ್ನೇ ತೆಗೆದುಕೊಳ್ಳೋಣ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸು. ಕ್ರಿ.ಶ. 450ರದೆಂದು ಎಣಿಸಲಾದ ಹಲ್ಮಿಡಿ ಶಾಸನದಲ್ಲಿಯೇ ದತ್ತಿಯನ್ನು ಅಳಿದವನಿಗೆ ಮಹಾಪಾತಕವುಂಟೆಂಬ ಎಚ್ಚರಿಕೆ ಇದೆ. ಆ ದತ್ತಿಯಾದರೂ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಬಾಳ್ಗಳ್ಚಾಗಿ, ಎಂದರೆ ಕತ್ತಿ ತೊಳೆದು, ಕೊಟ್ಟದ್ದು. ಹಲವು ಜನರನ್ನು ಕೊಂದ ಕತ್ತಿಯ ಪಾಪವನ್ನು ಶಾಸನಕಾರನು ಎತ್ತುವುದೇ ಇಲ್ಲ. ಆ ಕತ್ತಿಗೆ ದೊರೆತ ಊರುಗಳನ್ನು ಕಸಿದುಕೊಳ್ಳುವವನ ಪಾಪವನ್ನು ಮಾತ್ರ ಹೇಳುತ್ತಾನೆ. ಮುಂದಿನ ಸಾವಿರ ವರ್ಷಗಳ ಶಾಸನಗಳಲ್ಲಿ ನಾವು ಕಾಣುವ ಮನೋಭಾವದ ಬೀಜ ಇಲ್ಲಿಯೇ ಇದೆ.

ಬಾದಾಮಿ ಚಾಲುಕ್ಯರಿಂದ ವಿಜಯನಗರದ ಅರಸರವರೆಗೆ ಶಾಪಾಶಯಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಭೂಮಿಯನ್ನು ಅಪಹರಿಸಿದವನು 60,000 ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನು. ಭೂಮಿಯನ್ನಿತ್ತವನು ಅಷ್ಟೇ ವರ್ಷ ಸ್ವರ್ಗದಲ್ಲಿರುವನು. ಕಸಿದುಕೊಂಡವನೂ ಅದಕ್ಕೆ ಒಪ್ಪಿಗೆ ಕೊಟ್ಟವನೂ ಅಷ್ಟೇ ಕಾಲ ನರಕವಾಸಿಗಳಾಗುವರು. ಕನ್ನಡ ಗದ್ಯದಲ್ಲಿ ಬರುವ ಒಕ್ಕಣೆ ಇನ್ನಷ್ಟು ನಾಡಿನ ಮಣ್ಣಿಗೆ ಹತ್ತಿರವಾದದ್ದು. ಧರ್ಮವನ್ನು ಕಾದವನಿಗೆ ವಾರಣಾಸಿ ಕುರುಕ್ಷೇತ್ರಗಳಲ್ಲಿ ಕೋಡು ಕೊಳಗುಗಳನ್ನು ಹೊನ್ನಿನಲ್ಲಿ ಕಟ್ಟಿಸಿದ ಸಾವಿರ ಕವಿಲೆಗಳನ್ನು ವೇದಪಾರಗರಿಗೆ ದಾನಮಾಡಿದ ಫಲ. ಕೆಡಿಸಿದವನಿಗೆ ಅದೇ ಕ್ಷೇತ್ರದಲ್ಲಿ ಅದೇ ಕವಿಲೆಗಳನ್ನೂ ಅದೇ ಬ್ರಾಹ್ಮಣರನ್ನೂ ಕೊಂದ ದೋಷ. ಲಾಭನಷ್ಟಗಳನ್ನು ಎದುರುಬದುರು ಬರೆದ ಲೆಕ್ಕದ ಕಡತದಂತೆ ಇದು ತೋರುತ್ತದೆ. ಯಮನ ಸಭೆಯಲ್ಲಿ ಚಿತ್ರಗುಪ್ತನು ಕರಣಿಕನ ವೃತ್ತಿಯವನೇ ಆಗಿರುವುದು ಇಲ್ಲಿ ನೆನಪಿಗೆ ಬರುವುದು ಸಹಜ. ತೆರಿಗೆಯ ಕಡತಕ್ಕೆ ಹೆದರಿದ ಒಕ್ಕಲು ಪರಲೋಕದ ಅಧಿಕಾರಿಯನ್ನೂ ಅದೇ ವೇಷದಲ್ಲಿ ಊಹಿಸಿಕೊಂಡರೆ ಆಶ್ಚರ್ಯವೇನು?

ಈ ಶ್ಲೋಕಗಳು ಯಾರಿಗೆ ಉದ್ದೇಶಿಸಿದುವು ಎಂಬುದನ್ನು ವಿಚಾರಮಾಡಬೇಕು. ಊರಿನ ಸಾಮಾನ್ಯ ಒಕ್ಕಲಿಗನು ಬ್ರಹ್ಮದೇಯವನ್ನು ಕಸಿದುಕೊಳ್ಳಲಾರನು. ಅದು ಮುಂದೆ ಬರುವ ಅರಸನಿಂದ, ಸಾಮಂತನಿಂದ, ಊರೊಡೆಯನಿಂದ ಮಾತ್ರ ಸಾಧ್ಯ. ದಾನವನ್ನು ಸೂರ್ಯಚಂದ್ರರಿರುವತನಕ ಎಂದು ಕೊಟ್ಟರೂ ಕೊಟ್ಟವನ ದಂಡಾಧಿಕಾರ ಅವನ ಉಸಿರಿನೊಡನೆ ಮುಗಿಯುತ್ತದೆ. ಎಲ್ಲರಿಗೂ ನ್ಯಾಯ ಹೇಳುವವನು ಅರಸ. ಆ ಅರಸನಿಗೆ ನ್ಯಾಯ ಹೇಳುವವನು ಯಾರು? ಲೌಕಿಕವಾಗಿ ಯಾರೂ ಇಲ್ಲ. ಈ ತೆರವನ್ನು ತುಂಬುವುದಕ್ಕಾಗಿ ನರಕವನ್ನು ಕರೆತಂದರು. ಮುಂಬರುವ ಭೂಪಾಲರನ್ನು ರಾಮಚಂದ್ರನೇ ಮತ್ತೆಮತ್ತೆ ಬೇಡಿಕೊಳ್ಳುವನೆಂಬ ಅರ್ಥದ ಶ್ಲೋಕವೊಂದು ಶಾಸನಗಳಲ್ಲಿ ಪದೇಪದೇ ಬರುವುದೂ ಈ ಕಾರಣದಿಂದಲೇ. ಬೇಡಿಕೆ ಮತ್ತು ಬೆದರಿಕೆ ಎರಡೂ ಒಂದೇ ಅಸಹಾಯಕತೆಯಿಂದ ಹುಟ್ಟಿದುವು.

ಲೌಕಿಕ ದಂಡನೆಗೂ ಪರಲೋಕ ದಂಡನೆಗೂ ಇರುವ ಈ ಸಂಬಂಧ ಬುಕ್ಕರಾಯನ 1368ನೆಯ ಇಸವಿಯ ಶ್ರವಣಬೆಳಗೊಳದ ಶಾಸನದಲ್ಲಿ ಬಹು ಸ್ಪಷ್ಟವಾಗಿದೆ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಬಂದ ವಿವಾದವನ್ನು ಅರಸನು ತೀರ್ಮಾನಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಒಪ್ಪಿಸಿದನೆಂಬುದು ಎಲ್ಲರಿಗೂ ತಿಳಿದ ವಿಷಯ. ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸುವುದಕ್ಕಾಗಿ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡಬೇಕೆಂದೂ, ಮಿಕ್ಕ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಏರ್ಪಾಟಾಯಿತು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಮೊದಲು ಹೇಳಿ, ಆಮೇಲೆ ತಪಸ್ವಿಯಾಗಲಿ ಗ್ರಾಮಣಿಯಾಗಲಿ ಈ ಧರ್ಮವನ್ನು ಕೆಡಿಸಿದರೆ ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುವನೆಂದು ಶಾಸನ ಮುಗಿಯುತ್ತದೆ. ಈ ಕ್ರಮ ಗಮನಾರ್ಹವಾದದ್ದು. ಅರಸನ ಕೈ ನಿಲುಕುವವರೆಗೆ ರಾಜದ್ರೋಹ. ಅದು ನಿಲುಕದ ಕಡೆಗೆ ಜನಸಮುದಾಯದ ಬಹಿಷ್ಕಾರ. ಎರಡಕ್ಕೂ ಹೊರಗಾದವರಿಗೆ ಪಾಪ. ಹಳ್ಳಿಯ ಮುಖಂಡನನ್ನೂ ಸಂನ್ಯಾಸಿಯನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಟ್ಟ ಶಾಸನಕಾರನಿಗೆ ತಂಟೆ ಎಲ್ಲಿಂದ ಬರುವುದೆಂಬುದು ಚೆನ್ನಾಗಿ ಗೊತ್ತಿತ್ತು!

ಈ ಬೆದರಿಕೆ ಫಲಿಸಿತೇ? ಹಿಂದೆ ಕೊಟ್ಟು ನಡುವೆ ಕೆಟ್ಟುಹೋದ ದತ್ತಿಯನ್ನು ಪುನಃ ನಡೆಸಿಕೊಟ್ಟೆವೆಂದು ಹೇಳುವ ಶಾಸನಗಳು ಅಲ್ಲಲ್ಲಿ ದೊರೆಯುವುದನ್ನು ನೋಡಿದರೆ, 60,000 ವರ್ಷಗಳ ಕ್ರಿಮಿಜನ್ಮಕ್ಕೆ ಅಂಜದವರು ಸಾಕಷ್ಟು ಮಂದಿ ಇದ್ದರೆಂದೇ ಹೇಳಬೇಕಾಗುತ್ತದೆ. ಶಿಲಾಹಾರರ ಕೊಂಕಣದಲ್ಲಿ ಕಾಣಬರುವ ಕತ್ತೆಯ ಶಾಪಶಿಲೆಗಳು ಇದಕ್ಕೆ ಇನ್ನೊಂದು ಸಾಕ್ಷಿ. ಅವುಗಳಲ್ಲಿ ಕೊರೆದಿರುವುದು ನರಕವಲ್ಲ. ದತ್ತಿಯನ್ನು ಕೆಡಿಸಿದವನ ತಾಯಿಗೆ ಅವಮಾನವನ್ನು ಹೇಳುವ ಅಶ್ಲೀಲ ಚಿತ್ರ. ಮುಂದೆಂದೋ ಆಗುವ ದಂಡನೆಗಿಂತ ಈಗಲೇ ಊರ ಮುಂದೆ ಆಗುವ ಮಾನಭಂಗ ಹೆಚ್ಚು ಬಿಗಿಯಾದ ಕಟ್ಟು ಎಂದು ಅವರು ಕಂಡುಕೊಂಡಿರಬೇಕು. ಮುಸಲ್ಮಾನ ಅರಸರ ಆಳ್ವಿಕೆ ಬಂದಮೇಲೆ ದಖನ್ನಿನ ಕೆಲವು ಶಾಸನಗಳು ಹಿಂದುವಿಗೆ ಗೋವಿನ ಆಣೆಯನ್ನೂ ಮುಸಲ್ಮಾನನಿಗೆ ಹಂದಿಯ ಆಣೆಯನ್ನೂ ಹಾಕುತ್ತವೆ. ಯಾರು ಯಾವುದಕ್ಕೆ ಅಂಜುವರೋ ಅವರಿಗೆ ಅದನ್ನೇ ತೋರಿಸಬೇಕೆಂಬ ವ್ಯವಹಾರಜ್ಞಾನ ಇಲ್ಲಿ ಕೆಲಸಮಾಡಿದೆ.

ಈಗ ಮತ್ತೊಂದು ಬಗೆಯ ಕಲ್ಲುಗಳಿಗೆ, ಎಂದರೆ ಸತ್ತವರ ಕಲ್ಲುಗಳಿಗೆ ಬರೋಣ. ವೀರಗಲ್ಲಿನ ರಚನೆ ಎಲ್ಲರಿಗೂ ಪರಿಚಿತವಾದದ್ದು. ಕೆಳಗಿನ ಹಂತದಲ್ಲಿ ಕಾಳಗ. ನಡುವೆ ವೀರನನ್ನು ಚಾಮರ ಬೀಸುತ್ತ ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಅದರ ಮೇಲೆ ಸೂರ್ಯ ಚಂದ್ರರು. ಕೆಳಗಿನ ಹಂತಕ್ಕೂ ಮೇಲಿನ ಹಂತಕ್ಕೂ ನಡುವೆ ವಿಚಾರಣೆಯ ಸ್ಥಾನವೊಂದು ಇರಬೇಕಾಗಿತ್ತು. ಆದರೆ ಸಾಮಾನ್ಯ ವೀರಗಲ್ಲುಗಳಲ್ಲಿ ಯಮನೂ ಇಲ್ಲ, ಚಿತ್ರಗುಪ್ತನೂ ಇಲ್ಲ, ತಕ್ಕಡಿಯೂ ಇಲ್ಲ. ತುರುಗೋಳಿನಲ್ಲಿ ದನಗಳನ್ನು ಬಿಡಿಸಿ ಸತ್ತವನು, ಊರಳಿವಿನಲ್ಲಿ ಕಾದು ಸತ್ತವನು, ಹೆಣ್ಣುಗಳ ಮಾನರಕ್ಷಣೆಗಾಗಿ ಸತ್ತವನು ನೇರವಾಗಿ ಸುರಲೋಕ ಪ್ರಾಪ್ತನಾಗುತ್ತಾನೆ. ಅದಕ್ಕೆ ಹಿಂದಿನ ದಿನದವರೆಗೆ ಅವನು ಹೇಗೆ ಬಾಳಿದ್ದನು ಎಂಬುದನ್ನು ಯಾರೂ ಕೇಳುವುದಿಲ್ಲ. ಮರಣದ ರೀತಿಯೇ ತೀರ್ಪು.

ಇದನ್ನು ಆಧಾರವಾಗಿಟ್ಟುಕೊಂಡು ನಮ್ಮ ಪೂರ್ವಿಕರು ಮರಣಭೀತಿಯನ್ನೇ ಅರಿಯದವರಾಗಿದ್ದರೆಂದು ಹೇಳುವುದು ರೂಢಿಯಾಗಿದೆ. ಈ ಮಾತನ್ನು ಒಪ್ಪುವುದು ಕಷ್ಟ. ಅನೇಕ ವೀರಗಲ್ಲುಗಳ ಮೇಲೆ ಕಾಣುವ ಒಂದು ಸಂಸ್ಕೃತ ಶ್ಲೋಕವನ್ನೇ ಪರಿಶೀಲಿಸಬಹುದು. ಗೆದ್ದರೆ ಸಿರಿ, ಸತ್ತರೆ ಸುರಾಂಗನೆಯರು ದೊರೆಯುವರು. ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಬರುವ ಮರಣವನ್ನು ಕುರಿತು ಚಿಂತೆಯೇಕೆ ಎಂಬುದು ಅದರ ತಾತ್ಪರ್ಯ. ಚಿಂತೆಯೇ ಇಲ್ಲದ ಜನಕ್ಕೆ ಚಿಂತೆಯೇಕೆಂದು ಕೇಳುವವರಿಲ್ಲ. ಸತ್ತವನಿಗೆ ಆ ಶ್ಲೋಕದಿಂದ ಆಗಬೇಕಾದದ್ದೇನೂ ಇರಲಿಲ್ಲ. ಅದು ಊರ ಬಾಗಿಲಲ್ಲಿ ನಿಂತು, ನಾಳೆ ಕಾಳಗಕ್ಕೆ ಹೋಗಬೇಕಾದ ಹುಡುಗನ ಕಿವಿಗೆ ಹೇಳಿದ ಮಾತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ತೇಜಸ್ವಿಗೆ ಮಾನಹಾನಿಗಿಂತ ಸಾವೇ ಲೇಸು, ಸಾವಿನ ನೋವು ಆ ಗಳಿಗೆಯದು, ಮಾನಭಂಗದ ನೋವು ದಿನದಿನದ್ದು ಎಂಬ ಅರ್ಥದ ಶ್ಲೋಕವಿದೆ. ಅಲ್ಲಿ ಸಾವು ನೋವಲ್ಲವೆಂದು ಹೇಳಿಲ್ಲ. ಎರಡು ನೋವುಗಳನ್ನು ತೂಗಿದೆ ಅಷ್ಟೆ. ತೂಗಿದವನು ದೇವರಲ್ಲ, ಮನುಷ್ಯನೇ.

ವೀರರ ಸ್ಮಾರಕಗಳಲ್ಲಿ ಪಾಪದ ಮಾತು ಬರುವ ಒಂದು ಅಪೂರ್ವ ಉದಾಹರಣೆಯಿದೆ. ಅದು ಈಗಿನ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದುದನ್ನು ತಿಳಿಸುವ ಕಾರಣದಿಂದ ಇತಿಹಾಸಕಾರರು ಈ ಶಾಸನವನ್ನು ಮೇಲಿಂದ ಮೇಲೆ ಉದಾಹರಿಸುತ್ತಾರೆ. ಆದರೆ ಕಲ್ಲನ್ನು ನೆಟ್ಟದ್ದು ಕಾಳಿ ಎಂಬ ನಾಯಿಗಾಗಿ. ಗಂಗ ಬೂತುಗನ ಆಳಾದ ಮಣಲೇರನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಈ ನಾಯಿಯನ್ನು ಬೇಡಿ ಪಡೆದನು. ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಮಣಲೇರನು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಆ ಭೂಮಿಯನ್ನು ಕೆಡಿಸಿದವನೂ, ಕಲ್ಲನ್ನು ಪೂಜಿಸದೆ ಉಂಡ ಆ ಸ್ಥಾನದ ಗೊರವನೂ ಆ ನಾಯಿ ಮಾಡಿದ ಪಾಪವನ್ನು ಹೊರುವರೆಂಬುದು ಶಾಪ. ಇದೇ ಶಾಸನವನ್ನು ಓದಿದ ಹಲವರು ಇಲ್ಲಿ ನಕ್ಕು ಮುಂದೆ ಸಾಗಿರಬಹುದು. ನಮಗೆ ಮಾತ್ರ ಇದು ನಿಂತು ನೋಡಬೇಕಾದ ಸ್ಥಳವಾಗಿ ತೋರಿದೆ. ಸಾವಿರಾರು ಜನರನ್ನು ಕೊಂದ ತಕ್ಕೋಲದ ವಿಜಯಿಗಳಿಗೆ ಈ ಕಲ್ಲು ಯಾವ ಪಾಪವನ್ನೂ ಹಚ್ಚುವುದಿಲ್ಲ. ನಾಯಿಗೆ ಮಾತ್ರ ಪಾಪವುಂಟು. ಆ ಪಾಪ ಅದನ್ನು ನರಕಕ್ಕೆ ಒಯ್ಯುವುದಿಲ್ಲ, ಅದರ ಉಂಬಳಿಯನ್ನು ಕಾಯುವ ಆಯುಧವಾಗಿ ಉಳಿಯುತ್ತದೆ. ಪ್ರೀತಿಯ ಪ್ರಾಣಿಯನ್ನು ಕಳೆದುಕೊಂಡವನು ಪರಲೋಕದ ದಂಡನೆಯನ್ನು ಅದರ ಸ್ಮರಣೆಯ ಕಾವಲಿಗೆ ಹಚ್ಚಿದ್ದಾನೆ.

ಮೂರನೆಯ ವರ್ಗ ಜೈನರ ನಿಸಿದಿಗಳದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 7ನೆಯ ಶತಮಾನದ ಸುಮಾರಿನಿಂದ ಇವು ತೊಡಗುತ್ತವೆ. ಜೈನಮತದಲ್ಲಿ ತೀರ್ಪು ಕೊಡುವ ಈಶ್ವರನಿಲ್ಲ; ಕರ್ಮವೇ ತನ್ನ ಫಲವನ್ನು ತಾನು ಕೊಟ್ಟುಕೊಳ್ಳುತ್ತದೆ. ಆದಕಾರಣ ಇಲ್ಲಿ ಭಯಕ್ಕೆ ಅವಕಾಶವಿಲ್ಲವೆಂದು ಭಾವಿಸಬಹುದು. ವಸ್ತುಸ್ಥಿತಿ ಹಾಗಿಲ್ಲ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಬದುಕಬೇಕೆಂಬ ಆಸೆ, ಸಾಯಬೇಕೆಂಬ ಆಸೆ, ಮಿತ್ರರ ನೆನಪು, ಮುಂದಿನ ಭೋಗದ ಬಯಕೆ ಇವುಗಳ ನಡುವೆ ಭಯವನ್ನೂ ಸ್ಪಷ್ಟವಾಗಿ ಸೇರಿಸಿದೆ. ವ್ರತಕ್ಕೆ ಕುಳಿತವನೂ ಅಂಜಬಲ್ಲನೆಂದು ಶಾಸ್ತ್ರಕಾರರು ಬಲ್ಲರು. ‘ವಡ್ಡಾರಾಧನೆ’ಯ ಹುಟ್ಟಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಅದರ 19 ಕಥೆಗಳಿಗೆ ಮೂಲವಾದ ಗಾಹೆಗಳು ‘ಭಗವತೀ ಆರಾಧನಾ’ ಗ್ರಂಥದ ಕವಚಾಧಿಕಾರದಲ್ಲಿವೆ ಎಂಬುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹಸಿವು ಬಾಯಾರಿಕೆಗಳಿಂದ ಕಂಗೆಟ್ಟು ಮನಸ್ಸು ಕದಲುವ ಕ್ಷಪಕನಿಗೆ ಹಿಂದಿನ ಮಹಾಪುರುಷರು ಎಂತೆಂತಹ ಉಪಸರ್ಗಗಳನ್ನು ಸಹಿಸಿದರೆಂದು ಹೇಳಿ ಧೈರ್ಯ ತುಂಬುವುದೇ ಕವಚ. ಹಾಗಾದರೆ ಕನ್ನಡದ ಉಪಲಬ್ಧ ಗದ್ಯಕಥೆಗಳಲ್ಲಿ ಅತಿ ಹಳೆಯವಾದ ಇವುಗಳ ಬೇರು ಸಾಯುತ್ತಿರುವವನ ತಲೆದೆಸೆಯಲ್ಲಿದೆ ಎನ್ನಬೇಕಾಗುತ್ತದೆ.

ನಿಸಿದಿಗಳಲ್ಲಿ ಅರಸರ ವಿಷಯ ಬಂದಾಗ ಧ್ವನಿ ಬೇರೆಯಾಗುತ್ತದೆ. ಗಂಗ ಮಾರಸಿಂಹನು ರಾಜ್ಯವನ್ನು ತ್ಯಜಿಸಿ 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ 3 ದಿನ ಸಲ್ಲೇಖನ ವ್ರತವನ್ನಾಚರಿಸಿ ಮುಡಿಪಿದನೆಂದು ಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ತಿಳಿಸುತ್ತದೆ. ಅದಕ್ಕೆ ಮುಂಚೆ ಬರುವುದು ಅವನ ಕಾಳಗಗಳ ದೀರ್ಘವಾದ ಪಟ್ಟಿ. ಆ ಹಿಂಸೆಗೂ ಈ ವ್ರತಕ್ಕೂ ಏನಾದರೂ ಸಂಬಂಧವಿದೆಯೆಂದು ಕವಿ ಸೂಚಿಸುವುದೂ ಇಲ್ಲ. 982ರಲ್ಲಿ ಅಲ್ಲಿಯೇ ವ್ರತದಿಂದ ಮುಡಿಪಿದ ರಾಷ್ಟ್ರಕೂಟ ನಾಲ್ವಡಿ ಇಂದ್ರನ ಶಾಸನದಲ್ಲಂತೂ ಅವನ ಸಾವಿಗಿಂತ ಚೆಂಡಾಟದ ಚಾತುರ್ಯಕ್ಕೇ ಹೆಚ್ಚು ಪದ್ಯಗಳು ಮೀಸಲಾಗಿವೆ.

ಅರಸರ ಕಲ್ಲುಗಳು ಮುಚ್ಚಿಟ್ಟದ್ದನ್ನು ಮಾಚಿಕಬ್ಬೆಯ ಶಾಸನ ತೆರೆದಿಡುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು. (ಆಕೆ ಬೆಟ್ಟದಿಂದ ಬಿದ್ದು ಪ್ರಾಣ ಬಿಟ್ಟಳೆಂಬ ಜನಪ್ರಿಯ ಕಥೆಗೆ ಶಾಸನದ ಆಧಾರವಿಲ್ಲ.) ಅರಸಿಯೇ ಸ್ವರ್ಗಕ್ಕೆ ಹೋದಮೇಲೆ ತಾನು ಇರಲಾಗದೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತ ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳೆಂದು ಶಾಸನ ವಿವರಿಸುತ್ತದೆ. ಶಾಸ್ತ್ರದ ಅಕ್ಷರವನ್ನು ಹಿಡಿದರೆ, ಮಗಳ ನೆನಪಿನಿಂದ ಕೈಗೊಂಡ ಈ ವ್ರತ ಮಿತ್ರಸ್ಮೃತಿಯ ಅತಿಚಾರಕ್ಕೆ ಬಹಳ ಸಮೀಪದ್ದು. ಕಲ್ಲನ್ನು ಕೊರೆಯಿಸಿದವರು ಅದನ್ನು ದೋಷವೆಂದು ಎಣಿಸಿದಂತೆ ಕಾಣುವುದಿಲ್ಲ. ಇಲ್ಲಿಯೂ ವಿಚಾರಣೆಯ ಭಯವಿಲ್ಲ. ಇರುವುದು ಅಗಲಿಕೆಯ ನೋವು.

ಕಾವ್ಯಗಳ ಸಾಕ್ಷ್ಯವನ್ನು ಇಲ್ಲಿ ವಿಸ್ತರಿಸಲಾಗುವುದಿಲ್ಲ. ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ತಾಯಿಯೂ ಮಗನೂ ಜನ್ಮಜನ್ಮಗಳಲ್ಲಿ ತೊಳಲುವರು. ಅಂತಹ ಕಠೋರವಾದ ಲೆಕ್ಕವನ್ನು ಓದಿದ ಶ್ರಾವಕರ ಊರುಗಳಲ್ಲಿಯೇ, ನಿಜವಾದ ರಕ್ತವನ್ನು ಹರಿಯಿಸಿದ ವೀರರಿಗೆ ಅಪ್ಸರೆಯರು ಚಾಮರ ಬೀಸುವ ಕಲ್ಲುಗಳೂ ನಿಂತಿದ್ದುವು. 12ನೆಯ ಶತಮಾನದ ಶಿವಶರಣರು ಸ್ವರ್ಗನರಕಗಳನ್ನು ಈ ಲೋಕದ ನಡೆನುಡಿಗಳಿಗೇ ಇಳಿಸಿದುದು ಸರಿಯಷ್ಟೆ. ಅವರ ಆ ಮಾತಿನ ತೀಕ್ಷ್ಣತೆ ಶಾಪಾಶಯಗಳ ಹಿನ್ನೆಲೆಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಶಾಸನಗಳ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಕಲ್ಲು ನಿಲ್ಲಿಸುವ ಶಕ್ತಿಯುಳ್ಳವರ ಸಾವು ಮಾತ್ರ ನಮಗೆ ತಿಳಿಯುತ್ತದೆ. ಜ್ವರದಿಂದ, ಬರದಿಂದ, ಹೆರಿಗೆಯಲ್ಲಿ ಸತ್ತ ಅಸಂಖ್ಯ ಜನ ಯಾವ ರೀತಿಯ ಸ್ವರ್ಗವನ್ನು ನಂಬಿ, ಯಾವ ನರಕಕ್ಕೆ ಅಂಜಿ ಕಣ್ಣುಮುಚ್ಚಿದರು ಎಂಬುದಕ್ಕೆ ಬರಹವಿಲ್ಲ. ಸತ್ತವರಿಗಾಗಿ ಪರೋಕ್ಷವಿನಯವೆಂದು ಬಂಧುಗಳು ಮಾಡಿದ ದಾನಗಳಿಂದ ಅಷ್ಟಿಷ್ಟು ಊಹಿಸಬಹುದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1120ರ ಈಚೆಗೆ ಕೆಲವೇ ವರ್ಷಗಳಲ್ಲಿ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ, ಗುರು ಶುಭಚಂದ್ರ ಈ ಮೂವರನ್ನು ಕಳೆದುಕೊಂಡು ಮೂವರಿಗೂ ನಿಸಿದಿಗಳನ್ನು ಮಾಡಿಸಿದನು. ಸದ್ಗತಿ ಸಂದೇಹವಿಲ್ಲದೆ ದೊರೆಯಿತೆಂದು ಕಲ್ಲು ಹೇಳುತ್ತದೆ. ಸಂದೇಹವೇ ಇಲ್ಲದಿದ್ದರೆ ಅದನ್ನು ಕಲ್ಲಿನಲ್ಲಿ ಬರೆಯಿಸಬೇಕಾಗಿತ್ತೇ ಎಂಬ ಪ್ರಶ್ನೆ ನಮ್ಮಲ್ಲಿ ಉಳಿಯುತ್ತದೆ.

ಕೊನೆಯದಾಗಿ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನವನ್ನು ಹೇಳಬೇಕು. ದೇಕಬ್ಬೆಯ ಗಂಡ ಏಚನು ದಾಯಾದಿಯೊಬ್ಬನನ್ನು ಕೊಂದುದಕ್ಕಾಗಿ ತಲಕಾಡಿನಲ್ಲಿ ಅರಸನಿಂದ ಮರಣದಂಡನೆಗೆ ಗುರಿಯಾದನು. ಲೋಕದ ನ್ಯಾಯಸ್ಥಾನದಲ್ಲಿ ಅಪರಾಧಿಯೆನಿಸಿದವನು ಪರಲೋಕದ ನ್ಯಾಯಸ್ಥಾನದಲ್ಲಿ ಏನಾದನೆಂಬ ಪ್ರಶ್ನೆಯನ್ನು ಎತ್ತುವುದಕ್ಕೆ ಇದಕ್ಕಿಂತ ತಕ್ಕ ಸಂದರ್ಭ ಬೇರೊಂದಿಲ್ಲ. ಶಾಸನಕವಿ ಅದರ ಗೊಡವೆಗೆ ಹೋಗಿಲ್ಲ. ಸುದ್ದಿ ತಿಳಿದ ದೇಕಬ್ಬೆ ಕೊಂಡಕ್ಕೆ ಹೊರಟಳು, ತಂದೆತಾಯಿಗಳು ಬೇಡವೆಂದು ತಡೆದರು, ಆಕೆ ಕೇಳಲಿಲ್ಲ. ಮಗಳ ಪರಲೋಕಕ್ಕಾಗಿ ಅವರು ಹೆದರಿದರೆಂದು ಆ ಕಲ್ಲಿನಲ್ಲಿ ಎಲ್ಲಿಯೂ ಇಲ್ಲ. ಅವರು ಬೇಡಿಕೊಂಡದ್ದು ಅವಳ ಜೀವವನ್ನು.